ಮತ್ತೆ ಬರುತ್ತೇವೆಂದು ಹೇಳಿ ಬಂದವರು

ಆಫ್ರಿಕಾದಿಂದ ತಿರುಗಿ ಬಂದ ಮೇಲೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ನಳದ ಕೆಳಗೆ ಕೊಡ ಇಟ್ಟು ನಿಂತರೆ ಅದು ತುಂಬಿ ಹರಿಯುವವರೆಗೂ ಖಬರು ಇರುತ್ತಿರಲಿಲ್ಲ. ವಿಜಾಪುರದಲ್ಲಿ ಆಗ ದಿನಾ ನೀರು ಬರುತ್ತಿರಲಿಲ್ಲ, ಒಂದು ಚೆಂಬು ಚೆಲ್ಲಿದರೂ ಹಿಂದೆ ನಿಂತವರು ಬಿಡುತ್ತಿರಲಿಲ್ಲ. ಆಫ್ರಿಕಾದಾಗ ನಳ ಬಂದ್ ಮಾಡೂದು ಕಲಿಸಲಿಲ್ಲೇನ್ರಿ ನಿಮಗ ಎಂದು ಒಬ್ಬಾಕೆ ಚುಚ್ಚಿದರೆ ಉಳಿದವರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನಾನು ಕೊಡ ಎತ್ತಿಕೊಂಡು ಸುಮ್ಮನೆ ಮನೆಗೆ ಬರುತ್ತಿದ್ದೆ. ಕೊಡ ತುಂಬಿತಲ್ಲ, ಅದೊಂದು ಕೃಪೆ ಎಂದುಕೊಳ್ಳುತ್ತಿದ್ದೆ. ಆದರೆ ಮನಸ್ಸು ಮಾತ್ರ ಸಮುದ್ರದ ಆಚೆ ದಂಡೆಯಲ್ಲಿಯೇ ಓಡಾಡುತ್ತಿತ್ತು.

ನಾವು ಅಲ್ಲಿಗೆ ಮೊದಲ ಸಲ ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮ ಮನೆಯವರದು ಚಪ್ಪಲಿ ಹೊಲಿಯುವ ಕೆಲಸ. ಕುಷ್ಠರೋಗ ಬಂದವರ ಪಾದಕ್ಕೆ ನೋವು ತಿಳಿಯುವುದಿಲ್ಲ. ಚಪ್ಪಲಿಯ ಮೊಳೆ ಅಂಗಾಲಿನೊಳಗೆ ಹೊಕ್ಕರೂ ಹಾಗೇ ನಡೆದುಹೋಗುತ್ತಾರೆ, ಗಾಯ ಎಲುಬಿಗೆ ಇಳಿಯುತ್ತದೆ. ಅವರಿಗೆ ಒಂದೂ ಮೊಳೆ ಹೊಡೆಯದೆ, ಮೆತ್ತನೆಯ ರಬ್ಬರ್ ಹಾಸಿ, ಬರೀ ದಾರ ಮತ್ತು ಅಂಟಿನಿಂದ ಚಪ್ಪಲಿ ಮಾಡಬೇಕು. ಆ ಕೆಲಸವನ್ನು ಇವರು ದಕ್ಷಿಣದ ಒಂದು ಮಿಶನ್ ಆಸ್ಪತ್ರೆಯಲ್ಲಿ ಕಲಿತು ಬಂದಿದ್ದರು. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ನಮ್ಮ ಕ್ರೈಸ್ತ ಸಭೆಯವರೇ ನಡೆಸುವ ಒಂದು ಕುಷ್ಠರೋಗಿಗಳ ವಸತಿ ಇತ್ತು. ಎರಡು ತಿಂಗಳ ಮಟ್ಟಿಗೆ ಬಂದು ನಮ್ಮವರಿಗೆ ಕಲಿಸಿಕೊಡಿ ಎಂದು ಅವರು ಕೇಳಿದರು. ಹೆಂಡತಿಯೂ ಬಂದರೆ ರೋಗಿಗಳ ಸೇವೆಗೆ ಅನುಕೂಲ, ಇನ್ನೊಬ್ಬ ಹೆಣ್ಣುಮಗಳಿದ್ದರೆ ಇನ್ನೂ ಅನುಕೂಲ ಎಂದರು. ನಮಗೆ ಮಕ್ಕಳಿಲ್ಲ, ಹಿಂದೆ ಎಳೆಯುವವರು ಇರಲಿಲ್ಲ. ಇನ್ನೊಬ್ಬ ಹೆಣ್ಣುಮಗಳು ಯಾರು ಎಂದು ನಾವು ಯೋಚಿಸುವ ಮೊದಲೇ ಇವರ ಅಕ್ಕ ಬಬಲೇಶ್ವರದಿಂದ ಟ್ರಂಕು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಕೂತಿದ್ದರು.

ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬಬಲೇಶ್ವರದಲ್ಲಿ ಒಂದು ಕೋಣೆಯ ಮನೆ. ಅಲ್ಲಿಯ ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಮದುವೆಯಾದರೆ ಅವರಿಗೇ ಕರೆ ಬರುತ್ತಿತ್ತು. ನನಗೆ ನಾದಿನಿಯಾದರೂ ವಯಸ್ಸಿನಲ್ಲಿ ಅತ್ತೆಯ ಹಾಗೆ, ಬಾಯಿ ಮಾತ್ರ ಗೆಳತಿಯದು.

ಆ ವಸತಿಯಲ್ಲಿ ನಮ್ಮ ದಿನ ಶುರುವಾಗುತ್ತಿದ್ದದ್ದು ನೀರಿನಿಂದ. ಉದ್ದದ ಕಟ್ಟೆಯ ಮೇಲೆ ರೋಗಿಗಳು ಸಾಲಾಗಿ ಕೂಡುತ್ತಿದ್ದರು. ಬೋಗುಣಿಗಳಲ್ಲಿ ಅವರ ಕಾಲು ನೆನೆಸಬೇಕು, ಗಟ್ಟಿಯಾದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಬೇಕು, ಒರೆಸದೆ ಹಸಿಯಿರುವಾಗಲೇ ಎಣ್ಣೆ ಸವರಬೇಕು. ಚರ್ಮ ಒಣಗಿ ಬಿರುಕು ಬಿಡದಂತೆ ಅದೊಂದೇ ಉಪಾಯ. ಕಾಲು ನನ್ನ ಪಾಲಿಗೆ, ಕೈ ಅಕ್ಕನ ಪಾಲಿಗೆ. ಅಕ್ಕ ಇಡೀ ದಿನ ಅವರ ಜೊತೆ ಬಬಲೇಶ್ವರದ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವರು ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಕೊರತೆ ಅನ್ನಿಸಿದ್ದನ್ನು ನಾನು ನೋಡಲಿಲ್ಲ. ಯಾರಿಗಾದರೂ ಕಷ್ಟವಾದರೆ ಅಲ್ಲಿಯವರು 'ಪೋಲೆ' ಎನ್ನುತ್ತಾರೆ, ಅಯ್ಯೋ ಪಾಪ ಅಂದ ಹಾಗೆ. ಅಕ್ಕ ಆ ಒಂದು ಮಾತನ್ನು ಚೆನ್ನಾಗಿ ಕಲಿತರು. ಊರಿಗೆ ಬಂದ ಮೇಲೂ ಹೇರು ಎಳೆಯುವ ಎತ್ತಿಗೆ ಪೋಲೆ ಎನ್ನುತ್ತಿದ್ದರು.

ಅಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಎರಡೂ ಕೈಯ ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ದಿನಾ ಬೆಳಿಗ್ಗೆ ಅಕ್ಕನ ಮುಂದೆಯೇ ಬಂದು ಕೂಡುತ್ತಿದ್ದಳು, ಬೇರೆಯವರು ಕರೆದರೆ ಹೋಗುತ್ತಿರಲಿಲ್ಲ. ನಾವು ಹೊರಡುವ ದಿನ ಅಕ್ಕ ಅವಳ ಕೈ ಹಿಡಿದು, ಅಲ್ಲಿದ್ದ, ಕನ್ನಡ ಬಲ್ಲ ಗೋವೆಯ ಕಡೆಯ ನರ್ಸಮ್ಮನ ಬಾಯಿಂದ, ನಾನು ಮತ್ತೆ ಬರುತ್ತೇನೆ ಎಂದು ಹೇಳಿಸಿದರು. ಮುದುಕಿ ಸಿಟ್ಟಿಲ್ಲದೆ, ಅಳದೆ ಒಂದು ಮಾತು ಹೇಳಿದಳು. ನರ್ಸಮ್ಮ ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಎಷ್ಟೋ ದೇಶದ ಜನ ಇಲ್ಲಿಗೆ ಒಂದು ತಿಂಗಳು ಎರಡು ತಿಂಗಳು ಎಂದು ಬಂದು ಹೋಗಿದ್ದಾರೆ, ಎಲ್ಲರೂ ಹೋಗುವಾಗ ಮತ್ತೆ ಬರುತ್ತೇವೆ ಎನ್ನುತ್ತಾರೆ, ಒಬ್ಬರೂ ಬಂದದ್ದು ನೋಡಿಲ್ಲ ಎಂದಿದ್ದಳಂತೆ.

ಆ ಮಾತು ಅಕ್ಕನಿಗೆ ಮುಳ್ಳಿನ ಹಾಗೆ ನಟ್ಟಿತು. ಹಡಗಿನಲ್ಲಿ ಉಣ್ಣಲಿಲ್ಲ. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ, ಎಲ್ಲರಂಗ ನಾನೂ ಆದ್ನಿ ಎಂದು ತಮ್ಮನ ಮುಂದೆ ಅಂದರು. ಅಂದಿನಿಂದ ಎರಡು ವರ್ಷ ಅವರು ಬದುಕಿದ್ದು ಆ ಮಾತನ್ನು ಸುಳ್ಳು ಮಾಡುವುದಕ್ಕೇ ಎನ್ನಬೇಕು. ಪ್ರತಿ ಭಾನುವಾರ ಬೆಳಗಿನ ಬಸ್ಸು ಹಿಡಿದು ವಿಜಾಪುರಕ್ಕೆ ಆರಾಧನೆಗೆ ಬರುತ್ತಿದ್ದರು, ಮಂದಿರದ ಮೆಟ್ಟಿಲು ಹತ್ತುವ ಮೊದಲೇ ಕರೆ ಬಂತೇನು ಎಂದು ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಆ ಮುದುಕಿಯ ವಿಷಯ ಹೇಳುತ್ತಿದ್ದರು. ಸಾರವಾಡದ ಒಬ್ಬ ರೈತ ಅಕ್ಕ ಹತ್ತಿದ್ದನ್ನು ಕಂಡರೆ, ನಿಮ್ಮ ಆಫ್ರಿಕಾದ ಅತ್ತಿ ಹೆಂಗ ಅದಾಳ್ರಿ ಎಂದು ತಾನಾಗಿಯೇ ಕೇಳುವಷ್ಟು ಅದು ಆ ದಾರಿಯಲ್ಲಿ ಹಬ್ಬಿತ್ತು.

ಕಡೆಗೂ ಕರೆ ಬಂತು. ಚಪ್ಪಲಿ ಕಲಿತವರಲ್ಲಿ ಇಬ್ಬರು ಕೆಲಸ ಬಿಟ್ಟಿದ್ದಾರೆ, ಹೊಸಬರಿಗೆ ಕಲಿಸಬೇಕು, ಮಳೆಗಾಲ ಮುಗಿದ ಮೇಲೆ ಮೂವರೂ ಬನ್ನಿ ಎಂದು. ನಾನು ಒಲೆಯ ಮುಂದೆಯೇ ಮೊಣಕಾಲೂರಿ ಸ್ತೋತ್ರ ಹೇಳಿದೆ. ಪಾಸ್‌ಪೋರ್ಟುಗಳು ಇದ್ದವು, ಸೂಜಿ ಚುಚ್ಚಿಸಿಕೊಂಡ ಚೀಟಿ ಹೊಸದು ಮಾಡಿಸಿದರೆ ಸಾಕಾಗಿತ್ತು. ಮೈ ಪರೀಕ್ಷೆ ಅದು ಇದು ಎಂದು ಯಾರೂ ಕೇಳುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನನ್ನ ನೆಮ್ಮದಿ ಕೆಡಿಸಿದ್ದು ಇದೇ.

ಮೊದಲ ಸಲ ಹೋಗುವಾಗ ನಾವು ಒಂದು ತಪ್ಪು ಮಾಡಿದ್ದೆವು. ನಮ್ಮ ಕಡೆಯ ಕಟಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ ಎಂಬ ಧೈರ್ಯದಲ್ಲಿ ಎರಡು ಬುಟ್ಟಿ ಕಟ್ಟಿಕೊಂಡು ಹಡಗು ಹತ್ತಿದ್ದೆವು. ವಿಜಾಪುರದ ಒಣ ಗಾಳಿಯಲ್ಲಿ ಹಪ್ಪಳದಂತೆ ಇರುವ ರೊಟ್ಟಿ ಸಮುದ್ರದ ಗಾಳಿಗೆ ಹಸಿ ಬಟ್ಟೆಯಂತಾಗಿ, ನಡುದಾರಿಯಲ್ಲಿ ಬೂಜು ಬಂದು, ಮೀನುಗಳ ಪಾಲಾಯಿತು. ಈ ಸಲ ಅಕ್ಕ ಮೊದಲೇ ಹೇಳಿದ್ದರು, ಎರಡು ಸಲ ಒಣಗಿಸಿ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಹಾಕಿ ಬಾಯಿಗೆ ಮೇಣ ಹಚ್ಚೋಣ ಎಂದು. ಅದಕ್ಕಾಗಿ ಒಂದು ದಿನ ನಾನು ಬಬಲೇಶ್ವರಕ್ಕೆ ಹೋದೆ. ಬಸ್ಸಿನಲ್ಲಿ ಕಿಡಕಿಯ ಪಕ್ಕ ಸೀಟು ಸಿಕ್ಕಿತು, ಅದನ್ನೂ ಕೃಪೆಯ ಲೆಕ್ಕಕ್ಕೆ ಹಾಕಿಕೊಂಡೆ.

ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನು ಹಿಟ್ಟು ನಾದಿ ಉಂಡೆ ಮಾಡಿ ಕೊಡುತ್ತಿದ್ದೆ. ಎದುರು ಮನೆಯ ಮುಸ್ಲಿಂ ಹೆಂಗಸು, ಅಕ್ಕನ ಹಳೆಯ ಗೆಳತಿ, ಹೊಸ್ತಿಲಲ್ಲಿ ಕೂತು ಮಗಳ ಮದುವೆಯ ರೊಟ್ಟಿಯ ವಿಷಯ ಮಾತಾಡುತ್ತಿದ್ದರು. ನೋಡಿದವರಿಗೆ ಗೊತ್ತು, ನಮ್ಮ ಕಡೆ ಹೆಂಗಸರು ಚಮಚೆ ಇಕ್ಕಳ ಮುಟ್ಟುವುದಿಲ್ಲ. ಕಾದ ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಬರಿಗೈಯಿಂದಲೇ ಮಗುಚಿ, ಬರಿಗೈಯಿಂದಲೇ ಒಲೆಯ ಪಕ್ಕ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣಕ್ಕಿಂತ ಅವಳು ಹಂಚಿಗೆ ಕೈ ಹಾಕುವ ರೀತಿ ನೋಡುತ್ತಾರೆ. ಹಾ ಎಂದು ಕೈ ಹಿಂದೆ ತೆಗೆದುಕೊಂಡರೆ ಅವಳಿಗೆ ಇನ್ನೂ ಕೆಲಸ ಬರುವುದಿಲ್ಲ ಎಂದೇ ಅರ್ಥ.

ಅಕ್ಕ ಮಾತಾಡುತ್ತಾ ಎಡಗೈಯಿಂದ ಒಂದು ರೊಟ್ಟಿಯನ್ನು ಒತ್ತಿ ಹಿಡಿದಿದ್ದರು. ಕಿರುಬೆರಳು ಹಂಚಿನ ಅಂಚಿಗೆ ತಾಗಿತ್ತು. ಮೊದಲು ನನಗೆ ಕೂದಲು ಸುಟ್ಟಂಥ ವಾಸನೆ ಬಂತು. ಒಲೆಯಲ್ಲಿ ಏನು ಬಿತ್ತು ಎಂದು ನೋಡಿದೆ. ಒಲೆಯಲ್ಲಿ ಏನೂ ಬಿದ್ದಿರಲಿಲ್ಲ. ಬೆರಳು ಹಾಗೇ ಅಂಚಿಗೆ ಅಂಟಿಕೊಂಡಿತ್ತು, ಅಕ್ಕ ಮದುವೆಗೆ ಎಷ್ಟು ಜೋಳ ಬೇಕೆಂದು ಹೇಳುತ್ತಲೇ ಇದ್ದರು. ನಾನು ಅವರ ಕೈ ಹಿಡಿದು ಎಳೆದೆ. ಬೆರಳಿನ ಚರ್ಮ ಬೆಳ್ಳಗೆ ಎದ್ದಿತ್ತು.

ಅಕ್ಕ ಅದನ್ನು ನೋಡಿ ನಕ್ಕರು. "ಮೂವತ್ತ ವರ್ಷ ಆತು ಈ ಒಲಿ ಮುಂದ ಕೂತು. ಬೆಂಕಿಗೂ ನನ್ನ ಗುರ್ತು ಹತ್ತೇತಿ ಬೇ."

ಎದುರು ಮನೆಯವರು ಅದಕ್ಕೆ ಮೆಚ್ಚಿಕೊಂಡು, ಈಗಿನ ಹುಡುಗಿಯರು ಚಹಾದ ಬಟ್ಟಲು ಹಿಡಿದರೂ ಕುಣಿಯುತ್ತಾರೆ, ಇವರ ಕೈ ಕೈಯಲ್ಲ, ಕಬ್ಬಿಣ ಎಂದರು. ನಾನೂ ನಗಬೇಕಾಗಿತ್ತು. ನನ್ನ ಬೆರಳೂ ಸಾಕಷ್ಟು ಸುಟ್ಟು ಗಟ್ಟಿಯಾದವೇ. ಆದರೆ ಗಟ್ಟಿಯಾದ ಕೈಗೆ ಬಿಸಿ ತಡೆಯುವ ಶಕ್ತಿ ಬರುತ್ತದೆ, ಬಿಸಿ ಗೊತ್ತಾಗದೆ ಇರುವುದಿಲ್ಲ. ಆ ವ್ಯತ್ಯಾಸ ನನಗೆ ಸಮುದ್ರದ ಆಚೆ ತಿಳಿದದ್ದು. ಅಲ್ಲಿಯ ಮುದುಕಿ ಕುದಿಯುವ ಗಡಿಗೆಯಿಂದ ಬರಿಗೈಯಲ್ಲಿ ಗೆಣಸು ತೆಗೆಯುವಾಗ ಹೀಗೇ ಮಾತಾಡುತ್ತಿದ್ದಳು.

ನಾನು ವಿಜಾಪುರಕ್ಕೆ ಹೊರಡುವ ಮೊದಲು ಅಕ್ಕ ಎಂದಿನಂತೆ ಪ್ರಾರ್ಥನೆಗೆ ಕೂತರು. ಅಂಗಳದಲ್ಲಿ ಕೋಳಿ ಓಡಾಡುತ್ತಿದ್ದವು, ಹೊಸ್ತಿಲ ಬಳಿ ಒಂದು ಸಣ್ಣ ಪುಕ್ಕ ಬಿದ್ದಿತ್ತು. ಅದು ನನ್ನ ಕೈಗೆ ಹೇಗೆ ಬಂತೋ. ಅಕ್ಕ ಕಣ್ಣು ಮುಚ್ಚಿ, ಕೈ ಚಾಚಿ, ಆ ಮುದುಕಿಯನ್ನು ನಾವು ಬರುವವರೆಗೆ ಉಳಿಸಿಕೋ ದೇವರೇ ಎಂದು ಬೇಡುತ್ತಿದ್ದರು. ನಾನು ಕಣ್ಣು ಮುಚ್ಚಲಿಲ್ಲ. ಪುಕ್ಕದ ತುದಿಯನ್ನು ಅವರ ಎಡಗೈಯ ಕಿರುಬೆರಳ ಮೇಲೆ ಎಳೆದೆ. ಪ್ರಾರ್ಥನೆ ನಿಲ್ಲಲಿಲ್ಲ. ಪಕ್ಕದ ಬೆರಳ ಮೇಲೆ ಎಳೆದೆ. ನಿಲ್ಲಲಿಲ್ಲ. ಅಂಗೈಯ ಹೊರ ಅಂಚಿನಲ್ಲೂ ಹಾಗೆಯೇ. ಹೆಬ್ಬೆರಳಿಗೆ ಮುಟ್ಟಿಸಿದೊಡನೆ ಅವರು ನೊಣ ಕೂತಿತೆಂದು ಇನ್ನೊಂದು ಕೈಯಿಂದ ಹೊಡೆದುಕೊಂಡು ಪ್ರಾರ್ಥನೆ ಮುಂದುವರಿಸಿದರು. ಅವರು ಆಮೆನ್ ಎಂದಾಗ ಪುಕ್ಕ ನನ್ನ ಮುಷ್ಟಿಯೊಳಗಿತ್ತು.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಒಲೆ ಹೊತ್ತಿಸಿ ಹಂಚು ಇಡುವುದು ಮರೆಯುತ್ತಿದ್ದೆ. ಕೂತರೆ ಎದ್ದು ಬಾಗಿಲಿಗೆ ಹೋಗಬೇಕು, ಬಾಗಿಲಿಗೆ ಹೋದರೆ ಒಳಗೆ ಬರಬೇಕು. ಹೇಳಿದರೆ ಅಕ್ಕನ ಪ್ರಯಾಣ ಹೋಯಿತು. ಎರಡು ವರ್ಷ ಕಾದದ್ದೂ, ಕೊಟ್ಟ ಮಾತೂ ಹೋಯಿತು. ಹೇಳದಿದ್ದರೆ ಕೇಳುವವರು ಯಾರೂ ಇಲ್ಲ, ಅಕ್ಕ ಹಡಗು ಹತ್ತುತ್ತಾರೆ. ಆದರೆ ಆ ಬೆರಳುಗಳು ಒಂದೊಂದಾಗಿ ಮಡಚಿಕೊಂಡರೆ ಆಮೇಲೆ ಬಿಡಿಸುವುದಕ್ಕೆ ಆಗುವುದಿಲ್ಲ. ಬೈಬಲ್ ತೆರೆದರೆ ಅಕ್ಷರ ನಿಲ್ಲುತ್ತಿರಲಿಲ್ಲ.

ಕಡೆಗೆ ಇವರ ಅಂಗಡಿಗೇ ಹೋಗಿ ಹೇಳಿದೆ. ಇವರು ತೊಗಲು ಕತ್ತರಿಸುವ ರಂಪಿಗೆಯನ್ನು ಕೆಳಗಿಟ್ಟರು.

"ಅಕ್ಕ ಎರಡ ವರ್ಷದಿಂದ ಇದೊಂದ ಹಿಡಕೊಂಡ ಕೂತಾಳ. ಹೋಗಿ ಬಂದ ಮ್ಯಾಲ ತೋರಿಸಿದ್ರ ಆಗಂಗಿಲ್ಲೇನು?"

ಸತ್ತ ನರ ತಿರುಗಿ ಬರುವುದಿಲ್ಲ ಎಂದು ನನಗೆ ಕಲಿಸಿದವರು ಇವರೇ.

"ಆಗಂಗಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ನನ್ನ ಬಾಯಿಂದ ಹೇಳೂದು ಆಗಂಗಿಲ್ಲ, ನೀನಽ ಹೇಳು ಎಂದು ಮತ್ತೆ ರಂಪಿಗೆ ಕೈಗೆ ತೆಗೆದುಕೊಂಡರು.

ಮರುದಿನವೇ ಬಬಲೇಶ್ವರಕ್ಕೆ ಹೋದೆ. ಅಕ್ಕ ಖಾನಾವಳಿಗೆ ರೊಟ್ಟಿ ಕಳಿಸಿ, ಪ್ರಯಾಣಕ್ಕೆಂದು ಹೊಸ ಸೀರೆಗೆ ಅಂಚು ಹೊಲಿಯುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡಲು ಬಾರದವಳು, ಕೈಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸೂಜಿ ಸೀರೆಗೆ ಚುಚ್ಚಿ ಪಕ್ಕಕ್ಕಿಟ್ಟರು.

"ನನ್ನ ಬಿಟ್ಟ ಹೋಗಾಕ ಚೊಲೋ ದಾರಿ ಹುಡಿಕಿದಿ ನೋಡು."

"ಕಣ್ಣ ಮುಚ್ಚಿ ಕೈ ಕೊಡ್ರಿ ಅಕ್ಕಾರ. ನಾ ಮುಟ್ಟಿದಾಗ ಹೇಳ್ರಿ. ಹೇಳಿದ್ರ ನಾನಽ ಸುಳ್ಳಿ."

ಅವರು ಕಣ್ಣು ಮುಚ್ಚಿದರು. ನಾನು ಕಿರುಬೆರಳು ಮುಟ್ಟಿದೆ, ಮತ್ತೆ ಮುಟ್ಟಿದೆ, ಉಗುರಿನಿಂದ ಒತ್ತಿದೆ. ಮುಟ್ಟು ಅಂದ್ರ ಮುಟ್ಟವಲ್ಲಿ ಎಂದು ಅವರು ಗದರಿದರು. ಕಣ್ಣು ಬಿಟ್ಟಾಗ ನನ್ನ ಉಗುರು ಅವರ ಬೆರಳಿನಲ್ಲಿ ಊರಿಕೊಂಡೇ ಇತ್ತು. ಅದನ್ನೇ ನೋಡುತ್ತಾ ಕೂತರು.

"ಮೊದಲ ಯಾವಾಗ ಗೊತ್ತಾತು ನಿನಗ?"

"ಮೊನ್ನೆ, ಪ್ರಾರ್ಥನಿಗೆ ಕೂತಾಗ."

"ಅಂದ್ರ ಕಣ್ಣ ಬಿಟ್ಟಿದ್ದಿ."

"ಬಿಟ್ಟಿದ್ನಿರಿ."

ಅಕ್ಕ, ಬಿಟ್ಟದ್ದ ಚೊಲೋ ಆತು ಎಂದರು. ಆಮೇಲೆ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿದರು. ಟ್ರಂಕಿನ ಬಾಯಿ ಮುಚ್ಚಲಿಲ್ಲ.

ಕುಷ್ಠರೋಗದ ತಪಾಸಣೆಗೆ ವಾರಕ್ಕೊಮ್ಮೆ ಡಾಕ್ಟರರ ಜೀಪು ಬರುತ್ತಿತ್ತು. ಬಬಲೇಶ್ವರದ ಕಡೆಗೂ ಬರುತ್ತಿತ್ತು, ಆದರೆ ಅಕ್ಕ ಅಲ್ಲಿ ತೋರಿಸಿಕೊಳ್ಳಲು ಒಪ್ಪಲಿಲ್ಲ. ದೊಡ್ಡ ರೋಗ ಎಂಬ ಮಾತು ಒಂದು ಸಲ ಬಾಯಿಗೆ ಬಿದ್ದರೆ ಅವರ ರೊಟ್ಟಿಯನ್ನು ಯಾರೂ ಮುಟ್ಟುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ವಿಜಾಪುರ ದಾಟಿ ಪಶ್ಚಿಮಕ್ಕಿರುವ ತಿಕೋಟಾಕ್ಕೆ ಹೋದೆವು. ಅಲ್ಲಿ ಅವರ ಗುರುತಿನವರು ಇರಲಿಲ್ಲ. ಬೇವಿನ ಮರದ ಕೆಳಗೆ ಜನ ಆಗಲೇ ಕೂತಿದ್ದರು. ಯಾರೂ ಒಬ್ಬರಿಗೊಬ್ಬರು ಹತ್ತಿಕೊಂಡು ಕೂತಿರಲಿಲ್ಲ. ಹೆಂಗಸರ ಮುಖ ಸೆರಗಿನೊಳಗಿತ್ತು.

ಯಾರಾದರೂ ಕೇಳಿದರೆ ನಿನಗೇ ಆಗಿದೆ ಎಂದು ಹೇಳುತ್ತೇನೆ ಎಂದು ಅಕ್ಕ ದಾರಿಯಲ್ಲಿಯೇ ನನ್ನನ್ನು ಹೆದರಿಸಿದ್ದರು. ಹೇಳ್ರಿ ಎಂದು ನಾನೂ ಅಂದಿದ್ದೆ. ಕಳ್ಳಕವಟಗಿಯ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಪಕ್ಕಕ್ಕೇ ಕೂತು, ನಿಮ್ಮ ಪೈಕಿ ಯಾರಿಗ್ರಿ ಎಂದು ಮೆತ್ತಗೆ ಕೇಳಿದಳು.

ಅಕ್ಕ ಗದ್ದದಿಂದ ನನ್ನತ್ತ ತೋರಿಸಿದರು. "ನಮ್ಮ ತಮ್ಮನ ಹೇಣ್ತಿಗೆ. ಪಾಪ, ಇನ್ನೂ ಸಣ್ಣ ವಯಸ್ಸು."

ಆ ಹೆಂಗಸು ಪೋಲೆ ಎನ್ನುವಂಥ ಸಪ್ಪಳ ಮಾಡಿ, ಯಾರಿಗೂ ಕಾಣಬಾರದೆಂಬಂತೆ ಒಂದು ಗೇಣು ಆಚೆ ಸರಿದಳು. ತನ್ನ ಗಂಡನಿಗೇ ಅದೇ ರೋಗ ಇದ್ದರೂ ಸರಿದಳು. ನಾನು ಎರಡು ತಿಂಗಳು ಆ ರೋಗದವರ ಕಾಲನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಎಣ್ಣೆ ಹಚ್ಚಿದ್ದೆ. ಆದರೂ ಆ ಒಂದು ಗೇಣಿನ ಅರ್ಥ ನನಗೆ ಅಲ್ಲಿ ತಿಳಿದಿರಲಿಲ್ಲ, ತಿಕೋಟಾದ ಬೇವಿನ ಮರದ ಕೆಳಗೆ ತಿಳಿಯಿತು. ಅಕ್ಕ ಅದನ್ನು ನೋಡಿದರು. ನನ್ನ ಹತ್ತಿರಕ್ಕೆ ಸರಿದು, ನಮ್ಮ ಸೆರಗು ಒಂದರ ಮೇಲೊಂದು ಬೀಳುವ ಹಾಗೆ ಕೂತರು.

ಡಾಕ್ಟರರು ಪುಕ್ಕದಿಂದ ನೋಡಿದರು, ಸೂಜಿಯಿಂದ ನೋಡಿದರು, ಮೊಣಕೈಯ ಹಿಂದೆ ಬೆರಳಿಟ್ಟು ಒಳಗಿನ ನರವನ್ನು ಹೊರಳಿಸಿದರು. ಅದು ದಪ್ಪಗಾಗಿತ್ತಂತೆ. ರೋಗ ಇದೆ, ಆದರೆ ಇನ್ನೊಬ್ಬರಿಗೆ ಹತ್ತುವ ಜಾತಿಯದಲ್ಲ, ಬೇಗ ಬಂದಿದ್ದೀರಿ, ಗುಳಿಗೆ ತಪ್ಪದೆ ತಗೊಂಡರೆ ಕೈ ಉಳಿಯುತ್ತದೆ, ರೊಟ್ಟಿ ಮಾಡಲು ಅಡ್ಡಿಯಿಲ್ಲ, ಬರಿಗೈಯಿಂದ ಮಾತ್ರ ಬೇಡ ಎಂದರು. ನಾನು ಮನಸ್ಸಿನಲ್ಲಿ ಒಂದೊಂದಕ್ಕೂ ಸ್ತೋತ್ರ ಹೇಳುತ್ತಾ ಹೋದೆ. ಬಲಗೈ ಅಲ್ಲ, ಸ್ತೋತ್ರ. ಬೆರಳು ಇನ್ನೂ ಮಡಚಿಲ್ಲ, ಸ್ತೋತ್ರ. ಅಕ್ಕ ಇದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹಡಗ ಹತ್ತಬಹುದೇನ್ರಿ ಸಾಹೇಬ್ರ?"

ಎಲ್ಲಿಗೆ ಎಂದು ಡಾಕ್ಟರರು ಕೇಳಿದರು. ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಮೊದಲ ಕೆಲವು ತಿಂಗಳು ನರ ಒಮ್ಮೆಲೇ ಬಾತುಕೊಳ್ಳುವ ಭಯವಿದೆ, ನಡುಸಮುದ್ರದಲ್ಲಿ ಹಾಗಾದರೆ ನೋಡುವವರಿಲ್ಲ ಎಂದರು. ಅದೂ ಅಲ್ಲದೆ ಗೊತ್ತಾದರೆ ಆ ದೇಶದವರು ಈ ರೋಗ ಇದ್ದವರನ್ನು ಬಂದರದಲ್ಲೇ ತಿರುಗಿ ಕಳಿಸುತ್ತಾರೆ, ಗೊತ್ತಿದ್ದೂ ಮುಚ್ಚಿಟ್ಟು ಹೋಗುವುದು ನಿಮಗೂ ನಿಮ್ಮವರಿಗೂ ಒಳ್ಳೆಯದಲ್ಲ ಎಂದರು. ರೋಗಿಗಳ ಸೇವೆಗೆ ಬರಬಹುದು, ರೋಗಿಯಾಗಿ ಬರುವ ಹಾಗಿಲ್ಲ. ಅಕ್ಕ ಗುಳಿಗೆಯ ಪೊಟ್ಟಣ ತೆಗೆದುಕೊಂಡು, ಕೈಮುಗಿದು, ನನಗಿಂತ ಮುಂದೆ ನಡೆದರು.

ಬಸ್ಸಿಗೆ ಕಾಯುತ್ತಾ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ನಾನೂ ಹೋಗುವುದಿಲ್ಲ, ನಮ್ಮ ಮನೆಯವರೊಬ್ಬರೇ ಹೋಗಿ ಚಪ್ಪಲಿ ಕಲಿಸಿ ಬರಲಿ ಎಂದೆ. ಅಕ್ಕ ಬಟ್ಟಲನ್ನು ಬಲಗೈಯಿಂದ ಹಿಡಿದು ಎಡಗೈಯನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದರು.

"ನೀ ಉಳದ್ರ ಮಂದಿ ಯಾಕಂತ ಕೇಳ್ತಾರ. ನಾ ಒಬ್ಬಾಕಿ ಉಳದ್ರ ಮೊಣಕಾಲ ಬ್ಯಾನಿ ಅಂತ ಹೇಳ್ತೇನಿ, ಮುಗೀತು. ನನ್ನ ಮುಂದ ಕೂತ ನೀ ಅತ್ತರ ನನ್ನ ಬೆರಳ ಚೊಲೋ ಆಗತಾವೇನು?"

"ಅಲ್ಲಿ ಆಕಿಗೇನ ಹೇಳಲ್ರಿ? ಅದಽ ಮೊಣಕಾಲ?"

ಅಕ್ಕ ಬಟ್ಟಲು ಕೆಳಗಿಟ್ಟರು. "ಊರಿಗೆಲ್ಲ ಸುಳ್ಳ ಹೇಳ್ತೇನಿ. ಆಕಿಗೆ ಬ್ಯಾಡ. ಆಕಿಗೆ ಖರೇ ಹೇಳು. ನನಗೂ ಅದಽ ಬಂದೇತಿ, ಅದಕ್ಕ ಬರಲಿಲ್ಲ ಅಂತ ಹೇಳು. ಎಲ್ಲಾರಂಗ ಮರತ ಕುಂತಾಳ ಅಂತ ಆಕಿ ತಿಳಕೋಬಾರ್ದು. ಅಷ್ಟ ಸಾಕು ನನಗ."

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ಬಂದು ಇವರಿಗೆ ಹೇಳಿದಾಗ ಇವರು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು, ಆಮೇಲೆ ಒಂದು ಕಟ್ಟಿಗೆಯ ಇಕ್ಕಳ ಮಾಡಲು ಕೂತರು. ಅಕ್ಕ ಆ ಇಕ್ಕಳದಿಂದ ರೊಟ್ಟಿ ಮಗುಚಲು ಶುರುಮಾಡಿದ ವಾರ ಖಾನಾವಳಿಯವನು, ರೊಟ್ಟಿಯ ಮೇಲೆ ಇದೇನು ಗುರುತು ಎಂದು ಕೇಳಿದನಂತೆ. ಹೊಸ ಫ್ಯಾಷನ್ನು ಎಂದು ಅಕ್ಕ ಹೇಳಿ ಕಳಿಸಿದರಂತೆ.

ನಮ್ಮನ್ನು ಕಳಿಸಿಕೊಡುವ ಭಾನುವಾರ ಸಭೆಯ ಪಾದ್ರಿ ಅಯ್ಯನವರು ಮೂವರನ್ನೂ ಮುಂದೆ ಕರೆದರು, ಹೋಗದೆ ಉಳಿಯುವವರಿಗೂ ಆಶೀರ್ವಾದ ಬೇಕು ಎಂದು. ಅಕ್ಕ ಕುಂಟುತ್ತಾ ಬಂದರು. ಆರಾಧನೆ ಮುಗಿದ ಮೇಲೆ ಹೆಂಗಸರು ಸುತ್ತುವರಿದು, ಔಡಲ ಎಣ್ಣೆ ಹಚ್ಚಿರಿ, ಉಪ್ಪಿನ ಶಾಖ ಕೊಡಿರಿ ಎಂದು ಸಲಹೆ ಕೊಟ್ಟರು. ಒಬ್ಬಾಕೆ, ಬರೂವಾಗ ಬಲಗಾಲ ಕುಂಟಾಕತ್ತಿದ್ರಿ, ಈಗ ಎಡಗಾಲ ಕುಂಟಾಕತ್ತೀರಲ್ರಿ ಎಂದಳು. ಎರಡಕ್ಕೂ ಐತಿ, ಪಾಳಿ ಹಚ್ಚೇನಿ ಎಂದು ಅಕ್ಕ ಕಣ್ಣು ಮಿಟುಕಿಸದೆ ಹೇಳಿದರು. ನಗು ಬಂದರೂ ನನಗೆ ನಗಲಾಗಲಿಲ್ಲ. ಸ್ಟೇಶನ್ನಿಗೆ ಅವರು ಬರಲಿಲ್ಲ. ಅಂದು ಖಾನಾವಳಿಗೆ ಹೆಚ್ಚಿನ ರೊಟ್ಟಿ ಬೇಕಾಗಿದ್ದವಂತೆ.

ಹಡಗಿನಲ್ಲಿ ನಾನು ಡೆಕ್ಕಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದದ್ದೇ ನಡೆದದ್ದು. ಎರಡು ವರ್ಷ ಯಾವ ದಂಡೆಗೆ ಹೋಗಬೇಕೆಂದು ತಳಮಳಿಸಿದ್ದೆನೋ ಅದು ಹತ್ತಿರವಾದಷ್ಟೂ ಮನಸ್ಸು ಬಬಲೇಶ್ವರದ ಆ ಒಂದು ಕೋಣೆಗೆ ಎಳೆಯುತ್ತಿತ್ತು. ಗುಳಿಗೆ ನುಂಗಿದರೋ, ನರ ಬಾತಿತೋ, ಇಕ್ಕಳ ಬಿಸಾಕಿ ಬರಿಗೈ ಹಾಕಿದರೋ. ಅಲೆ ಜೋರಾಗಿರಲಿಲ್ಲ, ಹೊಟ್ಟೆ ತೊಳಸಲಿಲ್ಲ. ಎಣಿಸಲು ಕೃಪೆಗಳು ಬೇಕಾದಷ್ಟಿದ್ದವು. ಎಣಿಕೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ವಸತಿಯಲ್ಲಿ ಮೊದಲ ಬೆಳಿಗ್ಗೆ ಬೋಗುಣಿಗಳನ್ನು ಸಾಲಾಗಿ ಇಟ್ಟೆ. ಮುದುಕಿ ಬದುಕಿದ್ದಳು. ನನ್ನನ್ನು ನೋಡಿದಳು, ನನ್ನ ಪಕ್ಕದಲ್ಲಿ ಅಕ್ಕ ಕೂಡುತ್ತಿದ್ದ ಖಾಲಿ ಮಣೆಯನ್ನು ನೋಡಿದಳು, ಅದರ ಮುಂದೆಯೇ ಹೋಗಿ ಕೂತಳು. ನಾನು ನರ್ಸಮ್ಮನನ್ನು ಕರೆದು, ಹೀಗೆ ಹೀಗೆ ಹೇಳಿರಿ ಎಂದೆ. ಇದನ್ನು ಹೇಳಲೇಬೇಕೇ ಎಂದು ಅವರು ಎರಡು ಸಲ ಕೇಳಿದರು. ಕಳಿಸಿದವರು ಹೇಳು ಎಂದಿದ್ದಾರೆ ಎಂದೆ.

ಅವರು ಹೇಳಿ ಮುಗಿಸಿದ ಮೇಲೆ ಮುದುಕಿ ಪೋಲೆ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಅನ್ನಲಿಲ್ಲ. ಯಾವ ಕೈ ಎಂದು ಕೇಳಿದಳು. ನಾನು ಎಡಗೈಯ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೋರಿಸಿದೆ. ಬೆರಳು ಇನ್ನೂ ನೆಟ್ಟಗಿವೆಯೇ ಎಂದು ಕೇಳಿದಳು. ಇವೆ ಎಂದೆ. ಆಗ ಅವಳು ಎದ್ದು ಬಂದು ನನ್ನ ಮುಂದೆ ಕೂತು, ನನ್ನ ಎಡಗೈಯನ್ನು ತನ್ನ ಮೊಣಕಾಲ ಮೇಲೆ ಅಂಗಾತ ಇರಿಸಿದಳು. ತನ್ನ ಮಡಚಿದ ಕೈಯ ಹಿಂಬದಿಯಿಂದ ನನ್ನ ಬೆರಳುಗಳನ್ನು ಬುಡದಿಂದ ತುದಿಯವರೆಗೆ ಒತ್ತಿ ನೆಟ್ಟಗೆ ಮಾಡಿದಳು, ಬಿಟ್ಟಳು, ಮತ್ತೆ ಒತ್ತಿದಳು. ಅಕ್ಕನ ಬೆರಳಿಗೆ ಎಣ್ಣೆ ಹಚ್ಚಿ, ದಿನಾ ಬೆಳಿಗ್ಗೆ ಸಂಜೆ ಹೀಗೆ ಮಾಡಬೇಕಂತೆ. ಇಲ್ಲಿಗೆ ಬರುವ ಮೊದಲು ತನಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲವಂತೆ. ನನ್ನಿಂದ ಅವಳ ಮುಂದೆಯೇ ಮಾಡಿಸಿದಳು. ನಾನು ತಪ್ಪಿದಾಗ ನನ್ನ ಕೈಗೆ ಒಂದು ಏಟು ಕೊಟ್ಟಳು, ಪಕ್ಕದವರು ನಕ್ಕರು.

ಸರಿಯಾಗಿ ಬಂತು ಎನ್ನಿಸಿದ ಮೇಲೆ ಅವಳು ನರ್ಸಮ್ಮನ ಕಡೆ ತಿರುಗಿ ಏನೋ ಕೇಳಿದಳು. ಇವಳು ಯಾವಾಗ ವಾಪಸು ಹೋಗುತ್ತಾಳೆ ಎಂದಂತೆ. ಎರಡು ತಿಂಗಳಿದೆ ಎಂದು ಹೇಳಿಸಿದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ದಿನ ಇಲ್ಲಿ ಕೂತು ಏನು ಮಾಡುತ್ತಾಳೆ, ಮುಂಚೆ ಹೋಗುವ ಹಡಗು ಇಲ್ಲವೇ ಎಂದಳು.